ಚಿಕ್ಕ ಪ್ಯಾಕೇಜಾ, ದೊಡ್ಡದಾ? ಮಳೆ ಹಿಡಿಯೋ ಮೊದಲೇ ಆರಿಸಿ

ಪ್ರಶ್ನೆ: ನಮ್ಮ ಲೈಬ್ರರಿಯಲ್ಲಿ ಐದು ಹಳೆ ಕಂಪ್ಯೂಟರ್ ಇವೆ. ಎಲ್ಲದರಲ್ಲೂ ಡೆಬಿಯನ್ ಎಂಬ ಲಿನಕ್ಸ್, ಡಿಸ್ಕ್ 120 ಜಿಬಿ ಮಾತ್ರ. ಒಂದೇ ಸಾಫ್ಟ್‌ವೇರ್ ನಾಲ್ಕೈದು ಹೆಸರಲ್ಲಿ, ಚಿಕ್ಕ ದೊಡ್ಡ ಪ್ಯಾಕೇಜ್‌ಗಳಾಗಿ ಸಿಗುತ್ತದೆ. ಜಾಗ ಉಳಿಸಲು ಚಿಕ್ಕದನ್ನೇ ಹಾಕುವುದು ಒಳ್ಳೆಯದಲ್ವಾ?
(ಗೋಣಿಕೊಪ್ಪದ ಓದುಗರು)

ಉತ್ತರ: ಮಡಿಕೇರಿ, ವಿರಾಜಪೇಟೆ ಕಡೆಯಿಂದಲೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನಿಮ್ಮ ಐದಕ್ಕೂ ನಾನು ದೊಡ್ಡದನ್ನೇ ಹೇಳುತ್ತೇನೆ. ಐದಕ್ಕೂ ಒಂದೇ ಬಗೆ ಇರಲಿ.

ಜಾಗದ ಲೆಕ್ಕ ಮೊದಲು ನೋಡೋಣ. ಕೋಡ್ ಬರೆಯಲು ಬಳಸುವ ವಿಮ್ ಎಡಿಟರನ್ನೇ ತಗೊಳ್ಳಿ. ಡೆಬಿಯನ್‌ನಲ್ಲಿ ಅದು ವಿಮ್-ಟೈನಿ, ವಿಮ್, ವಿಮ್-ನಾಕ್ಸ್, ವಿಮ್-ಜಿಟಿಕೆ3 ಎಂದು ಬೇರೆ ಬೇರೆಯಾಗಿ ಸಿಗುತ್ತದೆ. ಟೈನಿ ನಿಜಕ್ಕೂ ಪುಟ್ಟದು. ಉಳಿದ ಮೂರೂ ವಿಮ್-ರನ್‌ಟೈಮ್ ಎಂಬ ಒಂದೇ ಪ್ಯಾಕೇಜನ್ನು ಬಳಸುತ್ತವೆ. ಜಾಗದ ದೊಡ್ಡ ಪಾಲು, 30 ಎಂಬಿಗೂ ಜಾಸ್ತಿ, ಅದರದ್ದೇ. ಇವುಗಳಲ್ಲಿ ದೊಡ್ಡದು, ಕಿಟಕಿಯಲ್ಲಿ ತೆರೆಯುವ ಜಿಟಿಕೆ3. ಅದನ್ನು ಹಾಕಿದರೆ ರೂಬಿ, ಲುವಾ ಥರದ ಪ್ರೋಗ್ರಾಮಿಂಗ್ ಭಾಷೆಗಳ ಕೋಡ್ ಲೈಬ್ರರಿಗಳು ಜೊತೆಗೆ ಬರುತ್ತವೆ. 120 ಜಿಬಿಯ ಮುಂದೆ ಅದೇನೂ ಅಲ್ಲ. ಕಿಟಕಿ, ಬಟನ್ ಬಿಡಿಸುವ ಜಿಟಿಕೆ ಅಂತೂ ಗ್ನೋಮ್ ಡೆಸ್ಕ್‌ಟಾಪ್ ಇರುವ ಕಂಪ್ಯೂಟರಿನಲ್ಲಿ ಆಗಲೇ ಇರುತ್ತದೆ. ಡೆಸ್ಕ್‌ಟಾಪೇ ಇಲ್ಲದ ಸರ್ವರ್‌ನಲ್ಲಿ ಮಾತ್ರ ಅದೆಲ್ಲ ಹೊಸದಾಗಿ ಬಂದು ಕೂರುತ್ತದೆ. ಅಲ್ಲಿ ಕಿಟಕಿಯಿಲ್ಲದೆ ಟರ್ಮಿನಲ್‌ನಲ್ಲೇ ಓಡುವ ನಾಕ್ಸ್ ಸಾಕು.

ಯಾವುದನ್ನೇ ಹಾಕಲು ಹೋದರೂ ಆಪ್ಟ್ (ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಆಜ್ಞೆ) ಎರಡು ಸಂಖ್ಯೆ ತೋರಿಸುತ್ತದೆ: ಎಷ್ಟು ಇಳಿಸಬೇಕು, ಎಷ್ಟು ಜಾಗ ಹಿಡಿಯುತ್ತದೆ. ಎಲ್ಲರ ಕಣ್ಣೂ ಎರಡನೆಯದರ ಮೇಲೆ. ಕೊಡಗಿನಲ್ಲಿ ನಾವು ನೋಡಬೇಕಾದ್ದು ಮೊದಲನೆಯದನ್ನು. ಜಾಗ ಒಂದು ಸಲ ಹೋಗುತ್ತದೆ, ಅಷ್ಟೇ. ಇಳಿಸುವ ಖರ್ಚು ಪ್ರತಿ ಸೆಕ್ಯುರಿಟಿ ಅಪ್‌ಡೇಟಿಗೂ ಮತ್ತೆ ಬರುತ್ತದೆ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋದಾಗ, ಟವರ್ ಸತ್ತಾಗ, 200 ಎಂಬಿ ಇಳಿಸುವುದೂ ಅರ್ಧ ದಿನದ ಕೆಲಸ.

ಅದಕ್ಕೇ ಒಂದೇ ಬಗೆ ಇರಲಿ ಎನ್ನುವುದು. ಒಂದು ಕಂಪ್ಯೂಟರಿನಲ್ಲಿ, ಇಳಿಸಿದ ಪ್ಯಾಕೇಜ್‌ಗಳನ್ನು ಕೂಡಿಟ್ಟು ಹಂಚುವ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿ, ಉಳಿದ ನಾಲ್ಕನ್ನು ಅದರ ಕಡೆ ತಿರುಗಿಸಿ. ಒಂದು ಸಲ ಇಳಿದದ್ದು ಐದಕ್ಕೂ ಸಿಗುತ್ತದೆ. ಒಂದರಲ್ಲಿ ನಾಕ್ಸ್, ಇನ್ನೊಂದರಲ್ಲಿ ಜಿಟಿಕೆ3 ಎಂದಾದರೆ ಎರಡನ್ನೂ ಬೇರೆ ಬೇರೆ ಇಳಿಸಬೇಕು.

ಹಿಂದೊಮ್ಮೆ ಒಂದು ಶಾಲೆಯ ಆರು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಎರಡರಲ್ಲಿ ಡಿಸ್ಕ್ ಚಿಕ್ಕದು ಅಂತ ಟೈನಿಯಷ್ಟೇ ಬಿಟ್ಟಿದ್ದರು. ಟೈನಿಯಲ್ಲಿ ಕೋಡಿಗೆ ಬಣ್ಣ ಬರುವುದಿಲ್ಲ. ಪೈಥಾನ್ ಕಲಿಯುತ್ತಿದ್ದ ಮಕ್ಕಳು ಆ ಎರಡು ಕಂಪ್ಯೂಟರ್ ಕೆಟ್ಟಿವೆ ಎಂದುಕೊಂಡು ಹತ್ತಿರವೇ ಹೋಗುತ್ತಿರಲಿಲ್ಲ. ನನಗೆ ಅದು ಇವತ್ತಿಗೂ ಬೇಸರ.

ಪ್ಯಾಕೇಜ್ ಮಾಡುವವರ ಕಷ್ಟ ಇನ್ನೂ ದೊಡ್ಡದು. ಡೆಬಿಯನ್ 12 ಒಟ್ಟು 9 ಬಗೆಯ ಪ್ರೊಸೆಸರಿಗೆ ಬಂದಿತ್ತು. ನಾಲ್ಕು ವಿಮ್ ಅಂದರೆ 36 ಪ್ಯಾಕೇಜ್. ಒಂದು ಸಣ್ಣ ಸೆಕ್ಯುರಿಟಿ ತೂತು ಮುಚ್ಚಿದರೂ ಅಷ್ಟನ್ನೂ ಮತ್ತೆ ಕಟ್ಟಬೇಕು. ಬಳಸುವವರೇ ಆಯ್ಕೆ ಕೂಡಿಸಿಕೊಳ್ಳಲಿ ಎಂದು ಬಿಟ್ಟರೆ ಬೇಕು-ಬೇಡ ಎನ್ನುವ ಹತ್ತು ಆಯ್ಕೆಗೆ 1,024 ಜೋಡಣೆ ಆಗುತ್ತವೆ. ಅಷ್ಟನ್ನು ಪರೀಕ್ಷೆ ಮಾಡುವವರು ಯಾರು? ಮ್ಯಾಕ್‌ನಲ್ಲಿ ಪ್ಯಾಕೇಜ್ ಹಾಕಲು ಜನ ಬಳಸುವ ಹೋಮ್‌ಬ್ರೂ 2019ರಲ್ಲಿ ತನ್ನ ಮುಖ್ಯ ಸಂಗ್ರಹದಿಂದ ಇಂಥ ಆಯ್ಕೆಗಳನ್ನೆಲ್ಲ ತೆಗೆದೇಬಿಟ್ಟಿತು. ಕಾಫಿ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸಿಪ್ಪೆ ತೆಗೆದು ಒಣಗಿಸುವ ಪಾರ್ಚ್‌ಮೆಂಟೂ ಬೇಕು, ಹಣ್ಣನ್ನೇ ಒಣಗಿಸುವ ಚೆರ್ರಿಯೂ ಬೇಕು ಅಂದರೆ ಕಣದಲ್ಲಿ ಬೇರೆ ಬೇರೆ ಹರಡಬೇಕು, ಬೇರೆ ಚೀಲ ಬೇಕು, ನೋಡಿಕೊಳ್ಳಲು ಜನವೂ ಬೇಕು.

ಚಿಕ್ಕದೇ ಸರಿ ಎನ್ನುವ ಜಾಗವೂ ಇದೆ. ತೋಟದಲ್ಲಿ ಮಳೆಯ ಇಂಚು ಲೆಕ್ಕ ಬರೆದಿಡಲು 8 ಜಿಬಿ ಕಾರ್ಡಿನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟಿದ್ದರೆ ಅದಕ್ಕೆ ಟೈನಿ ಸಾಕು. ಪುಸ್ತಕ, ಲೇಖನ ಅಚ್ಚುಕಟ್ಟಾಗಿ ಜೋಡಿಸುವ ಟೆಕ್ಸ್‌ಲೈವ್-ಫುಲ್ ಕೂಡ ಸುಮ್ನೆ ಹಾಕಬೇಡಿ. ಅದು ಹಲವು ಜಿಬಿ ಹಿಡಿಯುತ್ತದೆ, ಬೇಕಾದ ಭಾಗ ಮಾತ್ರ ಹಾಕಿ.

ಜಾಗ ನಿಜಕ್ಕೂ ಕಮ್ಮಿ ಬಿದ್ದರೆ ಆಪ್ಟ್ ಕ್ಲೀನ್ (ಇಳಿಸಿಟ್ಟ ಫೈಲ್ ತೆಗೆಯಲು), ಆಪ್ಟ್ ಆಟೋರಿಮೂವ್ (ಬೇಡವಾದ ಪ್ಯಾಕೇಜ್ ತೆಗೆಯಲು) ಕೊಡಿ. ಉಳಿದುಹೋದ ಹಳೆ ಕರ್ನಲ್ (ಲಿನಕ್ಸ್‌ನ ತಿರುಳು) ಒಂದು ಹೋದರೂ ನಾಲ್ಕು ವಿಮ್‌ಗಿಂತ ಜಾಸ್ತಿ ಜಾಗ ಸಿಗುತ್ತದೆ. ಸಾಫ್ಟ್‌ವೇರ್ ಹಾಕುವ ಇನ್ನೊಂದು ದಾರಿಯಾದ ಫ್ಲ್ಯಾಟ್‌ಪ್ಯಾಕ್ ಬಳಸುತ್ತಿದ್ದರೆ, ಅದರ ಜೊತೆ ಬಂದು ಈಗ ಯಾವ ಆ್ಯಪ್‌ಗೂ ಬೇಡವಾದ ರನ್‌ಟೈಮ್‌ಗಳನ್ನೂ ತೆಗೆಯಿರಿ. ಇದನ್ನೆಲ್ಲ ಮೇ ತಿಂಗಳಲ್ಲೇ ಮುಗಿಸಿ, ಐದಕ್ಕೂ ಪೂರ್ತಿ ಅಪ್‌ಡೇಟ್ ಕೊಟ್ಟುಬಿಡಿ. ಜೂನ್ ಬಂದ ಮೇಲೆ ಇಳಿಸಬೇಕಾದ್ದು ಸ್ವಲ್ಪವೇ ಇರುತ್ತದೆ.