ಶಿವಮೊಗ್ಗದ ಹಳೇ ಮೆಥೊಡಿಸ್ಟ್ ಸಭೆಯ ದಾಖಲೆ ಎಲ್ಲಿ ಹುಡುಕಬೇಕು?

ಪ್ರಶ್ನೆ: ನಮ್ಮ ಮುತ್ತಜ್ಜನಿಗೆ ಶಿವಮೊಗ್ಗದ ಮೆಥೊಡಿಸ್ಟ್ (ಪ್ರಾಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಸಭೆಯಲ್ಲಿ ದೀಕ್ಷಾಸ್ನಾನ ಆಯಿತೆಂದು ಮನೆಯಲ್ಲಿ ಹೇಳುತ್ತಾರೆ. ವಿಚಾರಿಸಿದರೆ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿಗೆ ಹೋಗಿ ಎನ್ನುತ್ತಾರೆ. ಆ ಸಭೆ ಏನಾಯಿತು? ದಾಖಲೆ ಸಿಗುತ್ತದೆಯೇ?

ಉತ್ತರ: ನಿಮಗೆ ಸರಿಯಾದ ದಾರಿಯನ್ನೇ ತೋರಿಸಿದ್ದಾರೆ. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ್ದು ಇಂಗ್ಲೆಂಡಿನ ವೆಸ್ಲಿಯನ್ ಮೆಥೊಡಿಸ್ಟ್ ಮಿಷನ್. 1820ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿ, ಗುಬ್ಬಿ, ಮೈಸೂರು, ತುಮಕೂರು ಎಂದು ಹರಡುತ್ತಾ, 19ನೇ ಶತಮಾನದ ಉತ್ತರಾರ್ಧದಲ್ಲಿ ಅದು ಶಿವಮೊಗ್ಗಕ್ಕೂ ಬಂತು. 1932ರಲ್ಲಿ ಬ್ರಿಟನ್ನಿನ ಮೆಥೊಡಿಸ್ಟ್ ಪಂಗಡಗಳು ಒಂದಾದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಸಿಎಸ್ಐ ಹುಟ್ಟಿದಾಗ ಆಂಗ್ಲಿಕನ್ನರು ಮತ್ತು ದಕ್ಷಿಣ ಭಾರತ ಐಕ್ಯ ಸಭೆಯವರ ಜೊತೆ ಈ ಮೆಥೊಡಿಸ್ಟರೂ ಸೇರಿಕೊಂಡರು. ಆದ್ದರಿಂದ ದೀಕ್ಷಾಸ್ನಾನ 1932ಕ್ಕೆ ಮೊದಲಿನದಾದರೆ ಕಾಗದದಲ್ಲಿ ‘ವೆಸ್ಲಿಯನ್’ ಎಂದು, ಆಮೇಲೆ 1947ರವರೆಗಿನದಾದರೆ ಬರೀ ‘ಮೆಥೊಡಿಸ್ಟ್’ ಎಂದು ಇರುವ ಸಂಭವ ಹೆಚ್ಚು. ಹಳೇ ಅಚ್ಚಿನ ನಮೂನೆಗಳನ್ನು ಮುಗಿಯುವವರೆಗೂ ಬಳಸುತ್ತಿದ್ದರು, ಹಾಗಾಗಿ ತಲೆಬರಹವೊಂದನ್ನೇ ನಂಬಬೇಡಿ.

ಬಹಳ ಜನ ದಾರಿ ತಪ್ಪುವ ಇನ್ನೊಂದು ಕಡೆ ಇದೆ. ಬೀದರ್, ಬೆಳಗಾವಿ, ಕೋಲಾರದಲ್ಲಿ ಇಂದಿಗೂ ಮೆಥೊಡಿಸ್ಟ್ ಹೆಸರಿನ ಚರ್ಚುಗಳಿವೆ. ಅವು ಅಮೆರಿಕದ ಮೆಥೊಡಿಸ್ಟರ ಬೇರಿನವು. ಸಿಎಸ್ಐ ಸೇರದೆ ಉಳಿದು, 1981ರಲ್ಲಿ ಭಾರತದ ಮೆಥೊಡಿಸ್ಟ್ ಚರ್ಚ್ ಆದವು. ಶಿವಮೊಗ್ಗದ ವೆಸ್ಲಿಯನ್ ದಾಖಲೆಗೆ ಅವರ ಕಚೇರಿಗೆ ಅರ್ಜಿ ಹಾಕಿ ಪ್ರಯೋಜನವಿಲ್ಲ.

ಇನ್ನು ಹುಡುಕುವ ವಿಷಯ. ಮೆಥೊಡಿಸ್ಟರ ಲೆಕ್ಕ ನಡೆಯುತ್ತಿದ್ದದ್ದು ಸರ್ಕಿಟ್ ಮೇಲೆ. ಒಂದು ದೊಡ್ಡ ಊರು, ಅದರ ಸುತ್ತಲಿನ ಹಳ್ಳಿಗಳ ಸಣ್ಣ ಸಭೆಗಳು, ಇವೆಲ್ಲ ಸೇರಿ ಒಂದು ಸರ್ಕಿಟ್. ಹಳ್ಳಿಯ ಸಭೆಯನ್ನು ದಿನನಿತ್ಯ ನೋಡಿಕೊಳ್ಳುತ್ತಿದ್ದದ್ದು ಉಪದೇಶಿ. ದೀಕ್ಷಾಸ್ನಾನ ಕೊಡಲು ಪಾದ್ರಿ ಸುತ್ತಿ ಬರಬೇಕಿತ್ತು, ಮಲೆನಾಡಿನ ಮಳೆಗಾಲದಲ್ಲಿ ಅದೇನು ಸಲೀಸಲ್ಲ. ಹೀಗಾಗಿ ಹುಟ್ಟಿದ ದಿನಕ್ಕೂ ದೀಕ್ಷಾಸ್ನಾನದ ದಿನಕ್ಕೂ ತಿಂಗಳುಗಳ ಅಂತರವಿರಬಹುದು, ಹಳ್ಳಿಯವರ ಹೆಸರು ಪಟ್ಟಣದ ರಿಜಿಸ್ಟರಿನಲ್ಲಿ ಸಿಗಬಹುದು. ಹುಟ್ಟೂರಿನ ಚರ್ಚಿನಲ್ಲಿ ‘ಇಲ್ಲ’ ಎಂದರೆ ಅಲ್ಲಿಗೇ ಬಿಡಬೇಡಿ. ಆ ಊರು ಯಾವ ಸರ್ಕಿಟ್ಟಿಗೆ ಸೇರಿತ್ತೆಂದು ಕೇಳಿ.

ಸಭಾಪಾಲಕರಿಗೆ ಅರ್ಜಿ ಬರೆಯುವಾಗ ಒಂದೇ ಇಸವಿ ಕೊಡಬೇಡಿ. ಅಂದಾಜಿನ ಹಿಂದೆ ಐದು, ಮುಂದೆ ಐದು ವರ್ಷ ನೋಡಲು ಕೇಳಿ. ತಂದೆ ತಾಯಿಯ ಹೆಸರು, ಊರು, ಕಸುಬು ಬರೆಯಿರಿ. ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಪಡೆದವರಾದರೆ ಹಿಂದಿನ ಹೆಸರನ್ನೂ ಕೊಡಿ. ಯೇಸುದಾಸ, ದೇವದಾಸ ಎಂಬಂಥ ಹೆಸರಿನವರು ಒಂದೇ ಪುಟದಲ್ಲಿ ಇಬ್ಬರು ಮೂವರಿದ್ದರೆ ಗುರುತು ಹಿಡಿಯುವುದು ಅದರಿಂದಲೇ. ಹಳೇ ಪುಟಗಳು ಇಂಗ್ಲಿಷಿನಲ್ಲಿದ್ದರೆ ಕನ್ನಡದ ಹೆಸರು ಬರೆದವರ ಕಿವಿಗೆ ಕೇಳಿದಂತೆ ಇರುತ್ತದೆ. ಅಕ್ಷರ ನೋಡುವ ಬದಲು ಬಾಯಿಬಿಟ್ಟು ಓದಿ ನೋಡಿ.

ದೀಕ್ಷಾಸ್ನಾನದ ಪುಟವೇ ಗೆದ್ದಲಿಗೆ ಹೋಗಿದ್ದರೆ ಮದುವೆ ರಿಜಿಸ್ಟರ್ ಕೇಳಿ. ಅದರಲ್ಲಿ ವಯಸ್ಸು, ತಂದೆಯ ಹೆಸರು ಇರುವುದರಿಂದ ಹುಟ್ಟಿದ ವರ್ಷದ ಅಂದಾಜು ಸಿಗುತ್ತದೆ. ಮನೆಯ ಹಳೇ ಬೈಬಲಿನ ನಡುವೆ ಸಣ್ಣ ಅಚ್ಚಿನ ಚೀಟಿ ಇದ್ದರೆ ಎಸೆಯಬೇಡಿ. ಮೆಥೊಡಿಸ್ಟರು ಮೂರು ತಿಂಗಳಿಗೊಮ್ಮೆ ಸದಸ್ಯರಿಗೆ ಕ್ಲಾಸ್ ಟಿಕೆಟ್ ಎಂಬ ಸದಸ್ಯತ್ವದ ಚೀಟಿ ಕೊಡುತ್ತಿದ್ದರು. ಸದಸ್ಯರ ಹೆಸರು, ಪಾದ್ರಿಯ ಸಹಿ ಎರಡೂ ಅದರಲ್ಲಿರುತ್ತವೆ.

ಮಿಷನ್ ಸೊಸೈಟಿಯ ಕಾಗದಪತ್ರಗಳು ಲಂಡನ್ನಿನ ಸೋಯಾಸ್ (SOAS) ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಸಭೆಯ ಚರಿತ್ರೆ ಬರೆಯುವವರಿಗೆ ಅದು ಬಂಗಾರ: ವರದಿ, ಪತ್ರ, ಸದಸ್ಯರ ಸಂಖ್ಯೆ ಎಲ್ಲ ಸಿಗುತ್ತದೆ. ಆದರೆ ಒಬ್ಬ ಸಾಮಾನ್ಯ ಸದಸ್ಯನ ದೀಕ್ಷಾಸ್ನಾನ ಹುಡುಕಲು ಅಲ್ಲಿಗೆ ದುಡ್ಡು ಕಳಿಸುವುದು ದಂಡ. ಮುತ್ತಜ್ಜ ಉಪದೇಶಿಯೋ ಮಿಷನ್ ಶಾಲೆಯ ಮೇಷ್ಟರೋ ಆಗಿದ್ದರೆ ಮಾತು ಬೇರೆ.

ರಿಜಿಸ್ಟರ್ ಕೈಗೆ ಸಿಕ್ಕರೆ ಫ್ಲ್ಯಾಶ್ ಹಾಕದೆ, ಕಿಟಕಿಯ ಬೆಳಕಿನಲ್ಲಿ ಇಡೀ ಪುಟದ ಫೋಟೊ ತೆಗೆಯಿರಿ. ಬರೀ ನಿಮ್ಮ ಸಾಲು ತೆಗೆದರೆ ಇಸವಿ ಮೇಲೆಯೇ ಉಳಿದುಬಿಡುತ್ತದೆ. ಬೂಷ್ಟು ಹಿಡಿದು ಅಂಟಿಕೊಂಡ ಹಾಳೆಗಳನ್ನು ಎಳೆಯಬೇಡಿ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.