ಯಜಮಾನರ ದುಃಖ ಬೆಕ್ಕಿಗೆ ತಿಳಿಯುವುದು ತಳಿಯಿಂದಲೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ಪರ್ಷಿಯನ್ ಬೆಕ್ಕಿದೆ. ಕೆಲವು ತಿಂಗಳಿಂದ ನಾನು ತುಂಬ ನೊಂದಿದ್ದೇನೆ. ಅತ್ತಾಗಲೂ ಅದು ಹತ್ತಿರ ಬರುವುದಿಲ್ಲ, ಕೋಣೆಯ ಇನ್ನೊಂದು ಮೂಲೆಯಲ್ಲಿ ಸುಮ್ಮನೆ ಕೂತು ನೋಡುತ್ತದೆ. ನನ್ನ ಅಕ್ಕನ ಮನೆಯ ಸಯಾಮೀಸ್ ಬೆಕ್ಕು ಅವಳ ದನಿ ಸ್ವಲ್ಪ ಬದಲಾದರೂ ಓಡಿಬಂದು ತೊಡೆ ಏರುತ್ತದೆ. ಸಾಕಿದವರ ಭಾವನೆಯನ್ನು ಅರಿಯುವ ಶಕ್ತಿ ತಳಿಯಿಂದ ತಳಿಗೆ ಬದಲಾಗುತ್ತದೆಯೇ? ನಾನು ಬೇರೆ ತಳಿಯನ್ನು ತರಬೇಕಿತ್ತೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬೇಕಿರಲಿಲ್ಲ. ಅದು ಇನ್ನೊಂದು ಮೂಲೆಯಲ್ಲಿ ಕೂತು ನೋಡುತ್ತದೆ ಎಂದು ನೀವು ಬರೆದಿದ್ದೀರಲ್ಲ, ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಅದೇ. ಮನೆಯವರ ಮನಸ್ಸು ಕೆಟ್ಟಿದೆ ಎಂದು ಗುರುತಿಸುವುದು ಒಂದು, ಗುರುತಿಸಿದ ಮೇಲೆ ಎದ್ದು ಬರುವುದು ಇನ್ನೊಂದು. ನಮ್ಮ ಕಣ್ಣಿಗೆ ಬೀಳುವುದು ಎರಡನೆಯದು ಮಾತ್ರ, ಆದ್ದರಿಂದ ಅದರಿಂದಲೇ ಮೊದಲನೆಯದನ್ನೂ ಅಳೆದುಬಿಡುತ್ತೇವೆ. ತೊಡೆ ಏರಿದ ಬೆಕ್ಕಿಗೆ ಅರ್ಥವಾಯಿತು, ಏರದ ಬೆಕ್ಕಿಗೆ ಅರ್ಥವಾಗಲಿಲ್ಲ ಎಂದುಕೊಳ್ಳುತ್ತೇವೆ. ತಳಿಯ ಪ್ರಭಾವ ಬಹುಮಟ್ಟಿಗೆ ಕಾಣಿಸಿಕೊಳ್ಳುವುದು ಎರಡನೆಯದರಲ್ಲಿ.

ಬೆಕ್ಕು ನಮ್ಮ ಭಾವನೆಗಳನ್ನು ಗುರುತಿಸುತ್ತದೆ ಎನ್ನಲು ಆಧಾರಗಳಿವೆ. ಅಮೆರಿಕದ ಮಿಚಿಗನ್ ರಾಜ್ಯದ ಓಕ್‌ಲ್ಯಾಂಡ್ ವಿಶ್ವವಿದ್ಯಾಲಯದ ಮೊರಾಯಾ ಗಾಲ್ವನ್ ಮತ್ತು ಜೆನಿಫರ್ ವೊಂಕ್ ಅವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ಬೆಕ್ಕುಗಳ ಮುಂದೆ ಅವುಗಳ ಯಜಮಾನರು ಒಮ್ಮೆ ನಗುಮುಖದಿಂದಲೂ ಒಮ್ಮೆ ಸಿಡುಕುಮುಖದಿಂದಲೂ ಕುಳಿತರು. ಯಜಮಾನರು ನಗುತ್ತಿದ್ದಾಗ ಬೆಕ್ಕುಗಳು ಅವರ ಬಳಿ ಹೆಚ್ಚು ಹೊತ್ತು ಕಳೆದವು, ಆದರೆ ಅಪರಿಚಿತರು ಅದೇ ಮುಖಭಾವಗಳನ್ನು ತೋರಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಎಂದರೆ, ಬೆಕ್ಕು ಓದುವುದು ಎಲ್ಲ ಮನುಷ್ಯರ ಮುಖವನ್ನಲ್ಲ, ದಿನವೂ ಒಡನಾಡಿ ಪಳಗಿದ ಮುಖವನ್ನು. ಇದಕ್ಕೂ ಒಂದು ವರ್ಷ ಮೊದಲು ಇಟಲಿಯ ಮಿಲಾನಿನಲ್ಲಿ 24 ಬೆಕ್ಕುಗಳ ಮುಂದೆ ಪ್ಲಾಸ್ಟಿಕ್ ಪಟ್ಟಿಗಳನ್ನು ಕಟ್ಟಿದ ಫ್ಯಾನ್ ಒಂದನ್ನು ತಿರುಗಿಸಿ, ಯಜಮಾನರು ಅದನ್ನು ನೋಡಿ ಹೆದರಿದಂತೆಯೋ ಸಂತೋಷಪಟ್ಟಂತೆಯೋ ಮಾತನಾಡುವಂತೆ ಮಾಡಲಾಗಿತ್ತು. ನೂರಕ್ಕೆ 79ರಷ್ಟು ಬೆಕ್ಕುಗಳು ಆ ವಿಚಿತ್ರ ವಸ್ತುವನ್ನೊಮ್ಮೆ, ಯಜಮಾನರ ಮುಖವನ್ನೊಮ್ಮೆ ನೋಡಿದವು, ಆಮೇಲಿನ ನಡೆಯನ್ನೂ ಸ್ವಲ್ಪಮಟ್ಟಿಗೆ ಅದಕ್ಕೆ ತಕ್ಕಂತೆ ಬದಲಿಸಿದವು.

ಇಟಲಿಯದೇ ಆದ ಬಾರಿ ನಗರದ ವಿಶ್ವವಿದ್ಯಾಲಯದ ಎರಡು ಪ್ರಯೋಗಗಳು ಇನ್ನೂ ಕುತೂಹಲಕರವಾಗಿವೆ. 2020ರ ಪ್ರಯೋಗದಲ್ಲಿ ಬೆಕ್ಕುಗಳಿಗೆ ಮನುಷ್ಯರ ನಗು ಅಥವಾ ಸಿಟ್ಟಿನ ದನಿಯನ್ನು ಕೇಳಿಸಿ, ಎದುರಿಗೆ ನಗುಮುಖದ ಮತ್ತು ಕೋಪದ ಮುಖದ ಚಿತ್ರಗಳನ್ನು ಒಟ್ಟಿಗೆ ತೋರಿಸಿದಾಗ, ಅವು ದನಿಗೆ ಹೊಂದುವ ಮುಖದ ಕಡೆಗೇ ಹೆಚ್ಚು ಹೊತ್ತು ನೋಡಿದವು. 2023ರ ಪ್ರಯೋಗದಲ್ಲಿ, ಹೆದರಿದ ಮನುಷ್ಯರ ಬೆವರಿನ ವಾಸನೆ ಮೂಸಿದ ಬೆಕ್ಕುಗಳು ವ್ಯಾಯಾಮದಿಂದ ದಣಿದವರ ಬೆವರನ್ನು ಮೂಸಿದಾಗಿಗಿಂತ ಹೆಚ್ಚು ಕಳವಳಗೊಂಡವು. ನೀವು ಕಣ್ಣೊರೆಸಿಕೊಂಡು ಮುಖ ತೊಳೆದು ಏನೂ ಆಗಿಲ್ಲವೆಂಬಂತೆ ಅಡುಗೆಮನೆಗೆ ಬಂದರೂ ಬೆಕ್ಕಿನ ಮೂಗಿಗೆ ಆ ಸುದ್ದಿ ಮುಟ್ಟಿರುವ ಸಾಧ್ಯತೆ ಇದೆ ಎಂಬುದು ನನಗೆ ಈ ಎಲ್ಲ ಸಂಗತಿಗಳಲ್ಲೇ ಅತ್ಯಂತ ಮನಮುಟ್ಟುವಂಥದ್ದು.

ಇವೆಲ್ಲ ಹತ್ತು, ಹನ್ನೆರಡು, ಇಪ್ಪತ್ತು ಚಿಲ್ಲರೆ ಬೆಕ್ಕುಗಳ ಮೇಲಿನ ಪ್ರಯೋಗಗಳು ಎಂಬುದನ್ನು ಮರೆಯಬಾರದು. ಇಷ್ಟು ಸಣ್ಣ ಗುಂಪಿನಲ್ಲಿ ಸಯಾಮೀಸ್ ಎಷ್ಟು ಗ್ರಹಿಸಿತು, ಪರ್ಷಿಯನ್ ಎಷ್ಟು ಗ್ರಹಿಸಿತು ಎಂದು ತೂಗಿ ನೋಡಲಾಗದು. ಪ್ರಯೋಗಗಳನ್ನು ಕಟ್ಟಿದ್ದೂ ಅದಕ್ಕಾಗಿ ಅಲ್ಲ. ಆದ್ದರಿಂದ ‘ಸಾಂತ್ವನ ಹೇಳುವ ಐದು ತಳಿಗಳು’ ಎಂಬಂಥ ಪಟ್ಟಿಗಳನ್ನು ಕಂಡಾಗ, ಅವು ಸಾಕಿದವರ ಪ್ರೀತಿಯಿಂದ ಹುಟ್ಟಿದವೇ ಹೊರತು ಪರೀಕ್ಷೆಯಿಂದ ಹುಟ್ಟಿದವಲ್ಲ ಎಂದು ತಿಳಿಯಿರಿ.

ತಳಿಗಳು ಹೇಗೆ ಹುಟ್ಟಿದವು ಎಂಬುದನ್ನು ನೋಡಿದರೂ ಇದೇ ಮಾತು ಗಟ್ಟಿಯಾಗುತ್ತದೆ. ಬೆಕ್ಕು ಮನುಷ್ಯನ ಬಳಿಗೆ ಬಂದದ್ದು ಪಶ್ಚಿಮ ಏಷ್ಯಾದ ಕಣಜಗಳಲ್ಲಿ ಇಲಿ ಹಿಡಿಯಲೆಂದು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಲಾದ ಬೆಕ್ಕಿನ ಅಸ್ಥಿಗಳು ಸುಮಾರು 9,500 ವರ್ಷ ಹಳೆಯವು. ಮಲೆನಾಡಿನ ಮನೆಗಳಲ್ಲಿ ಅಟ್ಟದ ಭತ್ತ ಕಾಯುವ ಬೆಕ್ಕಿಗೆ ಕರಟದಲ್ಲಿ ಹಾಲು ಹೊಯ್ದಿಡುವ ಪದ್ಧತಿಯೂ ಅದೇ ಹಳೆಯ ಒಪ್ಪಂದದ ಮುಂದುವರಿಕೆ. ನಾಯಿಗಳನ್ನು ಮನುಷ್ಯ ಕುರಿ ಕಾಯಲು, ಬೇಟೆಯಾಡಲು, ಮನೆ ಕಾಯಲು ಎಂದು ಕೆಲಸಕ್ಕೆ ತಕ್ಕಂತೆ ಆರಿಸಿ ಬೆಳೆಸಿದ; ಬೆಕ್ಕಿನ ಕೆಲಸ ಒಂದೇ ಆಗಿತ್ತು, ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವೀಯರ್ ಏರ್ಪಡಿಸಿದ ಬೆಕ್ಕುಗಳ ದೊಡ್ಡ ಪ್ರದರ್ಶನ ನಡೆದದ್ದು 1871ರಲ್ಲಿ. ಇಂದಿನ ತಳಿಗಳಲ್ಲಿ ಹೆಚ್ಚಿನವು ಅಲ್ಲಿಂದೀಚೆಗೆ ರೂಪುಗೊಂಡವು, ಮತ್ತು ಆಯ್ಕೆ ನಡೆದದ್ದು ಮುಖ್ಯವಾಗಿ ಕೂದಲಿನ ಉದ್ದ, ಬಣ್ಣ, ಮುಖದ ಆಕಾರ ಇವುಗಳನ್ನು ನೋಡಿ. ಮನುಷ್ಯನ ಮನಸ್ಸನ್ನು ಚೆನ್ನಾಗಿ ಓದಬಲ್ಲ ಬೆಕ್ಕು ಬೇಕೆಂದು ಯಾರೂ ತಳಿ ಬೆಳೆಸಲಿಲ್ಲ.

ಹಾಗೆಂದು ಸ್ವಭಾವದಲ್ಲಿ ತಳಿಗಳ ನಡುವೆ ವ್ಯತ್ಯಾಸವಿಲ್ಲ ಎಂದರೆ ತಪ್ಪಾಗುತ್ತದೆ. ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಹಾನೆಸ್ ಲೋಹಿ ಅವರ ತಂಡ 5,726 ಬೆಕ್ಕುಗಳ ಬಗ್ಗೆ ಯಜಮಾನರಿಂದ ಮಾಹಿತಿ ಪಡೆದು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನುಷ್ಯರ ಸಂಪರ್ಕವನ್ನು ತಾವಾಗಿ ಬಯಸುವುದು ಬ್ರಿಟಿಷ್ ಶಾರ್ಟ್‌ಹೇರ್ ಬೆಕ್ಕುಗಳಲ್ಲಿ ಎಲ್ಲಕ್ಕಿಂತ ಕಡಿಮೆ, ಕೋರಾಟ್ ಮತ್ತು ಡೆವನ್ ರೆಕ್ಸ್ ಬೆಕ್ಕುಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಅಪರಿಚಿತರ ಮುಂದೆ ಅತಿ ಹೆಚ್ಚು ನಾಚುವುದು ರಷ್ಯನ್ ಬ್ಲೂ. ಇಂಥ ಗುಣಗಳ ಅನುವಂಶೀಯತೆಯನ್ನು ಮೂರು ತಳಿಗಳಲ್ಲಿ ಲೆಕ್ಕ ಹಾಕಿದಾಗ ಅದು 0.4ರಿಂದ 0.53ರ ನಡುವೆ ಬಂತು. ಸರಳವಾಗಿ ಹೇಳುವುದಾದರೆ, ಒಂದೇ ತಳಿಯ ಬೆಕ್ಕುಗಳು ಒಂದಕ್ಕಿಂತ ಒಂದು ಭಿನ್ನವಾಗಿ ನಡೆದುಕೊಳ್ಳುವುದರಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ರಕ್ತದಿಂದ ಬಂದದ್ದು, ಉಳಿದದ್ದು ಬೆಳೆದ ರೀತಿ ಮತ್ತು ಬದುಕಿನ ಸಂದರ್ಭಗಳಿಂದ ಬಂದದ್ದು. ಅದೇ ತಂಡ 2021ರಲ್ಲಿ ಇನ್ನೊಂದು ದೊಡ್ಡ ಸಮೀಕ್ಷೆಯನ್ನು ಪ್ರಕಟಿಸಿತು; ಅದರಲ್ಲಿ ಅತ್ಯಂತ ಚುರುಕಾದ ತಳಿ ಬೆಂಗಾಲ್, ಅತ್ಯಂತ ನಿಧಾನದವು ಪರ್ಷಿಯನ್ ಮತ್ತು ಅದರ ಹತ್ತಿರದ ಸಂಬಂಧಿಯಾದ ಎಕ್ಸಾಟಿಕ್.

ನಿಮ್ಮ ಮನೆಯ ಚಿತ್ರ ಇಲ್ಲಿ ಸ್ಪಷ್ಟವಾಗುತ್ತದೆ ಎಂದುಕೊಳ್ಳುತ್ತೇನೆ. ಸಯಾಮೀಸ್ ಹೆಸರುವಾಸಿಯಾದ ಮಾತುಗಾರ. ಅದರ ಕೂಗು ಜೋರು, ಓಡಾಟ ಹೆಚ್ಚು, ಮೈಕೂದಲು ಗಿಡ್ಡ. ಮನೆಯಲ್ಲಿ ಏನು ಬದಲಾದರೂ ಅದು ಎದ್ದು, ಕೂಗಿ, ಮೈಮೇಲೆ ಬಂದು ತೋರಿಸುತ್ತದೆ, ಮತ್ತು ಆ ಬದಲಾವಣೆ ನಿಮ್ಮ ಅಕ್ಕನ ದುಃಖವೇ ಆಗಬೇಕಾಗಿಲ್ಲ, ಹಾಲಿನ ಪಾತ್ರೆಯ ಸದ್ದೂ ಆಗಬಹುದು. ಪರ್ಷಿಯನ್ ಶಾಂತ ಸ್ವಭಾವದ್ದು, ದನಿ ಸಣ್ಣದು, ಜೊತೆಗೆ ಅದಕ್ಕೆ ದಪ್ಪ ಕಂಬಳಿ ಹೊದೆದಷ್ಟು ಕೂದಲು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದು ನಿಮ್ಮ ಬಿಸಿ ತೊಡೆಯನ್ನು ಬಿಟ್ಟು ತಣ್ಣನೆಯ ನೆಲವನ್ನು ಆರಿಸಿಕೊಂಡರೆ ಅದರಲ್ಲಿ ನಿರ್ಲಕ್ಷ್ಯವೇನೂ ಇಲ್ಲ. ಮೂಗು ಚಪ್ಪಟೆಯಾದ ಬೆಕ್ಕುಗಳಲ್ಲಿ ಉಸಿರಾಟದ ತೊಂದರೆಯೂ ಇರುವುದರಿಂದ ಓಡಿಬರುವುದು ಅವುಗಳಿಗೆ ನಾವು ಎಣಿಸಿದಷ್ಟು ಹಗುರವಾದ ಕೆಲಸವಲ್ಲ.

ಪರ್ಷಿಯನ್ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅದು ನಮ್ಮ ಕಡೆಯದು. ಬ್ರಿಟನ್ನಿನ ಲಾರೆನ್ ಫಿಂಕಾ ಮತ್ತು ಸಂಗಡಿಗರು 2020ರಲ್ಲಿ ಹಲವು ತಳಿಗಳ ಬೆಕ್ಕುಗಳ ಮುಖದ ಚಿತ್ರಗಳನ್ನು ಅಳತೆ ಮಾಡಿ ಹೋಲಿಸಿದಾಗ, ಮನುಷ್ಯರು ಬೇಕೆಂದು ಬದಲಿಸಿದ ಮುಖಗಳು ಸಹಜ ಸ್ಥಿತಿಯಲ್ಲೂ ನೋವಿನ ಮುಖಭಾವವನ್ನು ಹೋಲುತ್ತವೆ ಎಂದು ಕಂಡುಬಂತು. ಮೂಗು ಒಳಸರಿದು, ಕಣ್ಣಂಚು ಇಳಿದ ಆ ಮುಖದಲ್ಲಿ ಬೆಕ್ಕು ನೆಮ್ಮದಿಯಾಗಿದೆಯೋ, ಗಾಬರಿಯಾಗಿದೆಯೋ, ನಿಮ್ಮ ಕಡೆ ಗಮನವಿಟ್ಟಿದೆಯೋ ಎಂದು ಓದುವುದು ಕಷ್ಟ. ಆದ್ದರಿಂದ ಮುಖವನ್ನು ಬಿಟ್ಟು ಕಿವಿ, ಬಾಲ ಮತ್ತು ಕೂತ ದಿಕ್ಕನ್ನು ನೋಡಿ. ಕಿವಿಗಳು ನೆಟ್ಟಗೆ ನಿಮ್ಮ ಕಡೆ ತಿರುಗಿದ್ದು, ಬಾಲ ಪಾದಗಳ ಸುತ್ತ ಸಡಿಲವಾಗಿ ಸುತ್ತಿದ್ದು, ಮೈ ನಿಮ್ಮ ಕಡೆಗಿದ್ದರೆ ಅದು ನಿಮ್ಮನ್ನು ಗಮನಿಸುತ್ತಿದೆ. ಕಿವಿ ಪಕ್ಕಕ್ಕೆ ಚಪ್ಪಟೆಯಾಗಿ, ಬಾಲದ ತುದಿ ನೆಲಕ್ಕೆ ಬಡಿಯುತ್ತಿದ್ದರೆ ಅದು ಕಳವಳದಲ್ಲಿದೆ.

ತಳಿಗಿಂತ ಆಳವಾದ ಗುರುತು ಮರಿಗಾಲದ್ದು ಎಂದು ನಾನು ನಂಬುತ್ತೇನೆ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮರಿಯನ್ನು ಮನುಷ್ಯರು ದಿನವೂ ಮೃದುವಾಗಿ ಎತ್ತಿ ಆಡಿಸಿದರೆ ಅದಕ್ಕೆ ಮನುಷ್ಯರ ಸಹವಾಸ ಬದುಕಿಡೀ ಸಹಜವಾಗುತ್ತದೆ. ತಂದೆ ಬೆಕ್ಕಿನ ಧೈರ್ಯ ಮರಿಗಳಿಗೆ ಇಳಿದುಬರುತ್ತದೆ ಎಂಬುದೂ 1995ರಷ್ಟು ಹಿಂದೆಯೇ ಸ್ಯಾಂಡ್ರಾ ಮ್ಯಾಕ್ಯೂನ್ ಅವರ ಅಧ್ಯಯನದಿಂದ ತಿಳಿದಿತ್ತು, ಮರಿಗಳು ಆ ತಂದೆಯನ್ನು ಕಂಡೇ ಇರದಿದ್ದರೂ ಸಹ. ಎಂಟು ವಾರಕ್ಕೆ ಮೊದಲೇ ತಾಯಿಯಿಂದ ಬೇರ್ಪಡಿಸಿದ ಮರಿಗಳಲ್ಲಿ ಮುಂದೆ ಕಚ್ಚುವ, ಪರಚುವ ಪ್ರವೃತ್ತಿ ಹೆಚ್ಚು ಎಂದು ಹೆಲ್ಸಿಂಕಿಯ ತಂಡವೇ 2017ರಲ್ಲಿ ತೋರಿಸಿದೆ. ನಮ್ಮ ನಗರಗಳಲ್ಲಿ ಪರ್ಷಿಯನ್ ಎಂದು ಮಾರಾಟವಾಗುವ ಎಷ್ಟೋ ಮರಿಗಳಿಗೆ ವಂಶಾವಳಿಯ ದಾಖಲೆ ಇರುವುದಿಲ್ಲ, ತಾಯಿಯ ಹಾಲು ಬಿಡುವ ಮೊದಲೇ ಗೂಡಿಗೆ ಬಂದಿರುತ್ತವೆ. ನಿಮ್ಮ ಬೆಕ್ಕು ನಿಮ್ಮ ಮನೆಗೆ ಎಷ್ಟು ವಾರದ್ದಿದ್ದಾಗ ಬಂತು, ಅದಕ್ಕೆ ಮೊದಲು ಎಲ್ಲಿತ್ತು ಎಂಬ ಎರಡು ಪ್ರಶ್ನೆಗಳು ಅದರ ತಳಿಯ ಹೆಸರಿಗಿಂತ ಹೆಚ್ಚನ್ನು ಹೇಳಬಲ್ಲವು.

ಇನ್ನು ಅಳುವಾಗ ಅದು ಬರುವುದಿಲ್ಲ ಎಂಬ ನಿಮ್ಮ ಕೊರಗಿನ ವಿಷಯ. ಸ್ವಿಟ್ಸರ್ಲೆಂಡಿನ ಡೆನಿಸ್ ಟರ್ನರ್ ಮತ್ತು ಅವರ ಸಹೋದ್ಯೋಗಿಗಳು ಒಂಟಿಯಾಗಿ ಬೆಕ್ಕಿನೊಡನೆ ವಾಸಿಸುವವರನ್ನು ಅವರವರ ಮನೆಗಳಲ್ಲೇ ಗಮನಿಸಿ ಕಂಡುಕೊಂಡ ಸಂಗತಿ ನಿಮಗೆ ಸಮಾಧಾನ ತರಬಹುದು. ಯಜಮಾನರು ಖಿನ್ನರಾಗಿದ್ದಾರೆಂದು ಬೆಕ್ಕುಗಳು ತಾವಾಗಿ ಹೆಚ್ಚು ಸಲ ಹತ್ತಿರ ಬರುತ್ತಿರಲಿಲ್ಲ. ಆದರೆ ಹೇಗೋ ಹತ್ತಿರವಾದ ಮೇಲೆ, ಖಿನ್ನರಾದವರ ಮೈಗೆ ಅವು ತಲೆಯನ್ನೂ ಪಕ್ಕೆಯನ್ನೂ ಹೆಚ್ಚಾಗಿ ತಿಕ್ಕುತ್ತಿದ್ದವು.

ಈ ಸಂಗತಿಯನ್ನು ಓದುವ ಎಷ್ಟೋ ವರ್ಷ ಮೊದಲು ನಾನದನ್ನು ಕಣ್ಣಾರೆ ಕಂಡಿದ್ದೆ. ನಮ್ಮ ತಂದೆ ತೀರಿಕೊಂಡಾಗ ಮನೆಯಲ್ಲಿ ಬೂದಿ ಎಂಬ ನಾಡುಬೆಕ್ಕು ಇತ್ತು, ತಂದೆಯ ಕಾಲಬುಡದಲ್ಲೇ ಮಲಗಿ ಬೆಳೆದದ್ದು. ನೆಂಟರು ತುಂಬಿದ್ದ ಮೂರು ದಿನ ಅದು ಅಟ್ಟದಿಂದ ಕೆಳಗಿಳಿಯಲಿಲ್ಲ. ಅಮ್ಮ ಅತ್ತಾಗ ಇಣುಕಿಯೂ ನೋಡಲಿಲ್ಲ. ಅದಕ್ಕೇನೂ ಅನ್ನಿಸಲೇ ಇಲ್ಲವಲ್ಲ ಎಂದು ನನಗೆ ತುಂಬ ಬೇಸರವಾಗಿತ್ತು. ನಾಲ್ಕನೆಯ ರಾತ್ರಿ, ಎಲ್ಲರೂ ಹೊರಟ ಮೇಲೆ, ಅಮ್ಮ ನಡುಮನೆಯಲ್ಲಿ ದೀಪವಾರಿಸದೆ ಗೋಡೆಗೊರಗಿ ಕೂತಿದ್ದರು. ಬೂದಿ ಏಣಿ ಇಳಿದು ಹೊಸ್ತಿಲ ಮೇಲೆ ಕೂತಿತು, ಅರ್ಧ ಗಂಟೆಯಾದರೂ ಅಲ್ಲಿಂದ ಕದಲಲಿಲ್ಲ. ಅಮ್ಮ ನೆಲದ ಮೇಲೆ ಕೈಯನ್ನು ಸುಮ್ಮನೆ ಚಾಚಿಟ್ಟರು, ಕರೆಯಲಿಲ್ಲ. ಅದು ಎದ್ದು ಬಂದು ಬೆರಳುಗಳನ್ನು ಮೂಸಿ, ಕೆನ್ನೆಯನ್ನು ಅಂಗೈಗೆ ಒತ್ತಿ, ಮತ್ತೆ ಒತ್ತಿ, ಮತ್ತೆ ಮತ್ತೆ ಒತ್ತುತ್ತಲೇ ಇತ್ತು. ಅಮ್ಮ ಅತ್ತದ್ದು ಅದಕ್ಕೆ ತಿಳಿಯದೆ ಹೋಗಿರಲಿಲ್ಲ ಎಂದು ಈಗ ನನಗನ್ನಿಸುತ್ತದೆ. ಅಪರಿಚಿತ ಕಾಲುಗಳು, ಹೊತ್ತು ತಪ್ಪಿದ ಊಟ, ಬದಲಾದ ದನಿಗಳು ಎಲ್ಲ ಒಟ್ಟಿಗೆ ಬಂದಾಗ ಬೆಕ್ಕು ಮೊದಲು ತನ್ನ ಭಯವನ್ನು ದಾಟಬೇಕು. ನಿಮ್ಮ ಮನೆಯಲ್ಲೂ ನಿಮ್ಮ ದುಃಖದ ಜೊತೆಗೆ ಊಟದ ಹೊತ್ತು, ಮಲಗುವ ಹೊತ್ತು, ಮಾತಿನ ಬಗೆ ಬದಲಾಗಿದೆಯೇ ಎಂದು ಒಮ್ಮೆ ಯೋಚಿಸಿ.

ಬೆಕ್ಕು ಮೊದಲಿನಿಂದಲೂ ಹೀಗೆಯೇ ಇದ್ದರೆ ಚಿಂತೆ ಬೇಡ. ಆದರೆ ಈಚೆಗಷ್ಟೇ ದೂರ ಕೂರಲು ಶುರುಮಾಡಿದ್ದರೆ, ಮಂಚದ ಕೆಳಗೆ ಅಡಗುತ್ತಿದ್ದರೆ, ಒಂದು ದಿನ ಪೂರ್ತಿ ಊಟ ಬಿಟ್ಟರೆ ಅಥವಾ ಮೂತ್ರ ಮಾಡಲು ಕಷ್ಟಪಡುತ್ತಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ; ನೋವಿನಲ್ಲಿರುವ ಬೆಕ್ಕೂ ಮೂಲೆ ಹಿಡಿಯುತ್ತದೆ. ತಿಂಗಳುಗಟ್ಟಲೆ ಕಾಡುತ್ತಿರುವ ನಿಮ್ಮ ನೋವನ್ನು ಅಕ್ಕನ ಬಳಿಯಾಗಲಿ, ವೈದ್ಯರ ಬಳಿಯಾಗಲಿ ಹೇಳಿಕೊಳ್ಳಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅಷ್ಟು ಭಾರವನ್ನು ಮೂರು ವರ್ಷದ ಬೆಕ್ಕೊಂದು ಹೊರಲಾರದು.

ಉಳಿದಂತೆ, ನೀವೇ ಅದರ ಬಳಿಗೆ ಹೋಗುವ ದಾರಿಯಿದೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದಂತೆ, ನಾವು ಕಣ್ಣನ್ನು ಅರೆಮುಚ್ಚಿ ನಿಧಾನವಾಗಿ ತೆರೆದರೆ ಬೆಕ್ಕುಗಳೂ ಹಾಗೆಯೇ ಕಣ್ಣು ಕಿರಿದು ಮಾಡುತ್ತವೆ, ಚಾಚಿದ ಕೈಯ ಬಳಿಗೆ ಹೆಚ್ಚು ಸುಲಭವಾಗಿ ಬರುತ್ತವೆ. ಎತ್ತಿಕೊಂಡು ಎದೆಗೊತ್ತಿಕೊಳ್ಳಬೇಡಿ, ದಿಟ್ಟಿಸಿ ನೋಡಬೇಡಿ. ಪರ್ಷಿಯನ್ ಬೆಕ್ಕಿಗೆ ದಿನವೂ ಕೂದಲು ಬಾಚಬೇಕಾಗುವುದು ನಿಮ್ಮ ಪಾಲಿಗೆ ಒಳ್ಳೆಯದೇ ಆಯಿತು, ಏಕೆಂದರೆ ದಿನದ ಹತ್ತು ನಿಮಿಷ ಇಬ್ಬರೂ ಒಂದೇ ಕಡೆ ಇರುವ ಹೊತ್ತು ಅದು. ಎಷ್ಟೇ ಬೇಸರವಿದ್ದರೂ ಆ ಹೊತ್ತನ್ನು ತಪ್ಪಿಸಬೇಡಿ. ಇವತ್ತು ಸಂಜೆ ಅದನ್ನು ನಿಮ್ಮ ಬಳಿಗೆ ಕರೆಯುವ ಬದಲು, ಬಾಚಣಿಗೆ ತೆಗೆದುಕೊಂಡು ಅದು ಕೂರುವ ಮೂಲೆಯಿಂದ ಎರಡು ಮಾರು ದೂರದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ.