ಕ್ಯಾಥೊಲಿಕ್ ಕಾಲೇಜಲ್ಲಿ ಚರ್ಚ್ ಒಪ್ಪದ ಕ್ಲಬ್ಬಿಗೆ ಜಾಗ ಹೇಗೆ ಸಿಗುತ್ತೆ?

ಪ್ರಶ್ನೆ: ಅಮೆರಿಕದಲ್ಲಿ ಕ್ಯಾಥೊಲಿಕ್ ಯೂನಿವರ್ಸಿಟಿ ಅಂತ ಹೆಸರು ಹೇಳ್ಕೊಳ್ಳೋ ಕಡೆನೇ ಎಲ್‌ಜಿಬಿಟಿ (ಸಲಿಂಗಿ, ಲಿಂಗಾಂತರಿಗಳ) ಕ್ಲಬ್ ಇರುತ್ತೆ, ಗರ್ಭಪಾತದ ಹಕ್ಕಿನ ಪರ ಪಾಂಪ್ಲೆಟ್ ಹಂಚೋ ಹುಡುಗ್ರೂ ಇರ್ತಾರೆ. ಚರ್ಚ್ ಇದನ್ನೆಲ್ಲ ಒಪ್ಪಲ್ಲ ತಾನೆ? ಬಿಷಪ್ ಒಂದು ಲೆಟರ್ ಬರೆದ್ರೆ ಮುಗೀಬೇಕಿತ್ತು, ಯಾಕೆ ಮುಗಿಯಲ್ಲ?

ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರುತ್ತೆ. ಕೇಳೋರಲ್ಲಿ ಎರಡು ಥರದವ್ರು, ಇಂಥ ಕ್ಲಬ್ ಇರೋದಾದ್ರೂ ಯಾಕೆ ಅಂತ ಸಿಟ್ಟಾಗೋರು ಒಂದು ಕಡೆ, ಒಂದು ಕ್ಲಬ್ ಮಾಡೋಕೆ ಇಷ್ಟೆಲ್ಲ ಒದ್ದಾಡ್ಬೇಕಾ ಅಂತ ಸಿಟ್ಟಾಗೋರು ಇನ್ನೊಂದು ಕಡೆ. ಚುಟುಕಾಗಿ ಹೇಳ್ಬೇಕಂದ್ರೆ, ಬಿಷಪ್ ಕಾಲೇಜಿನ ಮಾಲೀಕರಲ್ಲ. ಮತ್ತೆ ನಾವು ಸುಮ್ನೆ "ಜಾಗ ಕೊಟ್ರು" ಅಂತೀವಲ್ಲ, ಅದರೊಳಗೆ ರೂಮು, ದುಡ್ಡು, ಹೆಸರು ಅಂತ ಮೂರು ಬೇರೆ ಬೇರೆ ವಿಷಯ ಸೇರ್ಕೊಂಡಿದೆ, ಜಗಳ ಎಲ್ಲ ಆ ಮೂರನೇದರ ಮೇಲೆ.

ಮೊದಲು ಮಾಲೀಕತ್ವದ ಕಥೆ. ಅಮೆರಿಕದಲ್ಲಿ 200ಕ್ಕೂ ಹೆಚ್ಚು ಕ್ಯಾಥೊಲಿಕ್ ಕಾಲೇಜು, ಯೂನಿವರ್ಸಿಟಿಗಳಿವೆ, ಅದರಲ್ಲಿ 27 ಜೆಸ್ಯುಟ್ ಪಾದ್ರಿಗಳ ಪರಂಪರೆಯವು. ಇವುಗಳಲ್ಲಿ ಹೆಚ್ಚಿನವನ್ನ ಕಟ್ಟಿದ್ದು ಬಿಷಪ್‌ಗಳಲ್ಲ, ಜೆಸ್ಯುಟ್, ಹೋಲಿ ಕ್ರಾಸ್, ಡೊಮಿನಿಕನ್ ಥರದ ಸಂನ್ಯಾಸಿ ಸಭೆಗಳು ಮತ್ತೆ ಸಿಸ್ಟರ್ಸು. 1967ರಲ್ಲಿ ನೋಟರ್ ಡೇಮ್ ಮತ್ತೆ ಸೇಂಟ್ ಲೂಯಿಸ್ ಯೂನಿವರ್ಸಿಟಿ ತಮ್ಮ ಆಡಳಿತನ ಪಾದ್ರಿಗಳಲ್ಲದ ಸಾಮಾನ್ಯ ಜನರೇ ಜಾಸ್ತಿ ಇರೋ ಟ್ರಸ್ಟಿ ಬೋರ್ಡಿಗೆ ವಹಿಸಿಬಿಟ್ವು, ಆಮೇಲೆ ಉಳಿದವೂ ಒಂದೊಂದಾಗಿ ಅದೇ ದಾರಿ ಹಿಡಿದ್ವು. ಅದೇ ವರ್ಷ ಜುಲೈನಲ್ಲಿ ವಿಸ್ಕಾನ್ಸಿನ್‌ನ ಲ್ಯಾಂಡ್ ಓ ಲೇಕ್ಸ್ ಅನ್ನೋ ಊರಲ್ಲಿ ನೋಟರ್ ಡೇಮ್ ಅಧ್ಯಕ್ಷ ಫಾದರ್ ಥಿಯೋಡೋರ್ ಹೆಸ್ಬರ್ಗ್ ಮುಂದಾಳತ್ವದಲ್ಲಿ ಒಂದಷ್ಟು ಜನ ಕೂತು ಒಂದು ಹೇಳಿಕೆ ಬರೆದ್ರು, ಸಾರಾಂಶ ಏನಂದ್ರೆ ಕ್ಯಾಥೊಲಿಕ್ ಯೂನಿವರ್ಸಿಟಿ ನಿಜವಾದ ಯೂನಿವರ್ಸಿಟಿ ಆಗ್ಬೇಕಾದ್ರೆ ಹೊರಗಿನ ಯಾವ ಅಧಿಕಾರದ ಹಿಡಿತವೂ ಇರಬಾರದು, ಅದು ಚರ್ಚಿನದ್ದಾಗಿದ್ರೂ ಸರಿ. ಸಂಪ್ರದಾಯಸ್ಥ ಕ್ಯಾಥೊಲಿಕರು ಇವತ್ತಿಗೂ ಎಲ್ಲ ಎಡವಟ್ಟಿಗೂ ಆ ಕಾಗದನೇ ಕಾರಣ ಅಂತ ಬೈತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ, ಆದ್ರೆ ಪೂರ್ತಿ ಅಲ್ಲ, ಯಾಕಂದ್ರೆ ಚರ್ಚಿನ ಹಿಡಿತದಲ್ಲಿದ್ರೆ ಸರ್ಕಾರದ ದುಡ್ಡು ಸಿಗುತ್ತಾ ಅನ್ನೋ ಪ್ರಶ್ನೆನೂ ಆಗ ಜೊತೆಗಿತ್ತು. 1971ರ ಟಿಲ್ಟನ್ ಕೇಸಲ್ಲಿ ಕನೆಕ್ಟಿಕಟ್‌ನ ನಾಲ್ಕು ಕ್ಯಾಥೊಲಿಕ್ ಕಾಲೇಜಿಗೆ ಕಟ್ಟಡ ಕಟ್ಟೋಕೆ ಫೆಡರಲ್ ಸರ್ಕಾರ ದುಡ್ಡು ಕೊಟ್ಟಿದ್ದು ಸರಿ ಅಂತ ಸುಪ್ರೀಂ ಕೋರ್ಟ್ ಹೇಳ್ದಾಗ, ಇವು ಧರ್ಮಪ್ರಚಾರದ ಅಡ್ಡೆಗಳಲ್ಲ, ಮುಖ್ಯ ಕೆಲಸ ಪಾಠ ಮಾಡೋದೇ ಅನ್ನೋದು ಅಲ್ಲಿ ದೊಡ್ಡ ಪಾಯಿಂಟ್ ಆಗಿತ್ತು.

ಹಾಗಾದ್ರೆ ರೋಮ್ ಸುಮ್ನಿತ್ತಾ ಅಂದ್ರೆ ಇಲ್ಲ. 1990ರಲ್ಲಿ ಪೋಪ್ ಎರಡನೇ ಜಾನ್ ಪಾಲ್ "ಎಕ್ಸ್ ಕೊರ್ಡೆ ಎಕ್ಲೇಸಿಯೆ" ಅನ್ನೋ ಶಾಸನ ಹೊರಡಿಸಿದ್ರು, ಕ್ಯಾಥೊಲಿಕ್ ಯೂನಿವರ್ಸಿಟಿಗಳಿಗೆ ಅದೇ ಇವತ್ತಿಗೂ ಮೂಲ ನಿಯಮ. ಅದು ಸಂಶೋಧನೆ, ಚಿಂತನೆಯ ಸ್ವಾತಂತ್ರ್ಯನೂ ಒಪ್ಪುತ್ತೆ, ಸಂಸ್ಥೆಯಾಗಿ ಕ್ಯಾಥೊಲಿಕ್ ಗುರುತು ಕಾಪಾಡ್ಕೋಬೇಕು ಅಂತಾನೂ ಹೇಳುತ್ತೆ, ಎರಡೂ ಡಿಕ್ಕಿ ಹೊಡೆದಾಗ ಯಾವುದು ಮೇಲು ಅನ್ನೋ ಕಡೆಗೆ ಬಂದ್ರೆ ಎರಡೂ ಕಡೆಯವ್ರು ತಮ್ಮ ತಮ್ಮ ಸಾಲು ಹುಡುಕಿ ತೋರಿಸ್ತಾರೆ. ಅಮೆರಿಕದ ಬಿಷಪ್‌ಗಳು ಇದನ್ನ ಜಾರಿಗೆ ತರೋ ನಿಯಮಾವಳಿ ಪಾಸ್ ಮಾಡಿದ್ದು 1999ರಲ್ಲಿ, ಜಾರಿಯಾಗಿದ್ದು 2001ರಲ್ಲಿ. ದೇವತಾಶಾಸ್ತ್ರ ಪಾಠ ಮಾಡೋ ಕ್ಯಾಥೊಲಿಕ್ ಮೇಷ್ಟ್ರು ಬಿಷಪ್‌ರಿಂದ ಒಪ್ಪಿಗೆ ತಗೋಬೇಕು ಅನ್ನೋದು ಅದರಲ್ಲಿದೆ. ಸ್ಟೂಡೆಂಟ್ ಕ್ಲಬ್‌ಗೆ ಬಿಷಪ್ ಸಹಿ ಬೇಕು ಅನ್ನೋದು ಇಲ್ಲ.

ಬಿಷಪ್ ಕೈಲಿರೋ ದೊಡ್ಡ ಅಸ್ತ್ರ ಒಂದೇ, "ಕ್ಯಾಥೊಲಿಕ್" ಅನ್ನೋ ಹೆಸರು. ಚರ್ಚಿನ ಕಾನೂನಿನ 808ನೇ ವಿಧಿ ಪ್ರಕಾರ ಚರ್ಚ್ ಅಧಿಕಾರಿಗಳ ಒಪ್ಪಿಗೆ ಇಲ್ದೆ ಯಾವ ಯೂನಿವರ್ಸಿಟಿನೂ ಆ ಹೆಸರು ಇಟ್ಕೊಳ್ಳೋ ಹಾಗಿಲ್ಲ. ಇದನ್ನ ತೋರಿಸಿ ಹೆದರಿಸಿದ್ದುಂಟು. 2007ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿ ಕ್ರಾಸ್ ಕಾಲೇಜು ಹದಿಹರೆಯದ ಗರ್ಭಧಾರಣೆ ತಡೆಯೋ ಬಗ್ಗೆ ಕೆಲಸ ಮಾಡೋ ಒಂದು ಹೊರಗಿನ ಸಂಘಕ್ಕೆ ಸಮಾವೇಶ ನಡೆಸೋಕೆ ಹಾಲ್ ಬಾಡಿಗೆಗೆ ಕೊಟ್ಟಿತ್ತು, ಅಲ್ಲಿ ಗರ್ಭಪಾತ ಸೇವೆ ಕೊಡೋ ಪ್ಲಾನ್ಡ್ ಪೇರೆಂಟ್‌ಹುಡ್‌ನವರೂ ಮಾತಾಡೋರಿದ್ರು. ಕಾಲೇಜಿರೋ ವೂಸ್ಟರ್ ಊರಿನ ಬಿಷಪ್ ರಾಬರ್ಟ್ ಮೆಕ್‌ಮಾನಸ್ ಇದನ್ನ ಕ್ಯಾನ್ಸಲ್ ಮಾಡಿ, ಇಲ್ಲಾಂದ್ರೆ ಕ್ಯಾಥೊಲಿಕ್ ಅನ್ನೋ ಹೆಸರಿಗೇ ಕುತ್ತು ಬರಬಹುದು ಅಂತ ಬಹಿರಂಗವಾಗೇ ಹೇಳಿದ್ರು. ಕಾಲೇಜು ಒಪ್ಪಂದ ಆಗಿದೆ ಅಂತ ಹೇಳಿ ಸಮಾವೇಶ ನಡೆಸೇಬಿಡ್ತು, ಹೆಸರೂ ಉಳೀತು. ಅದೇ ಬಿಷಪ್ 2022ರಲ್ಲಿ ಅದೇ ಊರಿನ ಒಂದು ಜೆಸ್ಯುಟ್ ಶಾಲೆ, ಪುಟ್ಟ ಮಿಡಲ್ ಸ್ಕೂಲು, ಎಲ್‌ಜಿಬಿಟಿಯವರ ಪ್ರೈಡ್ ಬಾವುಟ ಮತ್ತೆ ಕಪ್ಪು ಜನರ ಪರ ಚಳವಳಿಯಾದ ಬ್ಲ್ಯಾಕ್ ಲೈವ್ಸ್ ಮ್ಯಾಟರ್‌ನ ಬಾವುಟ ಇಳಿಸಲ್ಲ ಅಂದಾಗ ಮಾತ್ರ ನಿಜಕ್ಕೂ ಹೆಸರು ಕಿತ್ಕೊಂಡ್ರು. ಸಣ್ಣ ಶಾಲೆ ಮೇಲೆ ನಡೆದಿದ್ದು ದೊಡ್ಡ ಕಾಲೇಜಿನ ಮೇಲೆ ನಡೀಲಿಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಇಲ್ಲ ಅನ್ನಲ್ಲ. ಅಸ್ತ್ರ ಇದ್ರೂ ಬಳಸಿದ್ರೆ ಚರ್ಚಿಗೇ ನಷ್ಟ ಅನ್ನೋದು ಬಿಷಪ್‌ಗಳಿಗೂ ಗೊತ್ತು, ಹೆಸರು ಹೋದ ಮೇಲೆ ಆ ಕಾಲೇಜಿನ ಜೊತೆ ಮಾತಾಡೋ ದಾರಿನೂ ಹೋಗುತ್ತೆ.

ಈಗ ರೂಮು, ದುಡ್ಡು, ಹೆಸರಿನ ವಿಷಯ. ಇದು ಅರ್ಥ ಆಗ್ಬೇಕಾದ್ರೆ ವಾಷಿಂಗ್ಟನ್ ಡಿಸಿಯ ಜಾರ್ಜ್‌ಟೌನ್ ಕೇಸ್ ನೋಡ್ಲೇಬೇಕು. ಜಾರ್ಜ್‌ಟೌನ್ 1789ರದ್ದು, ಅಮೆರಿಕದ ಅತ್ಯಂತ ಹಳೇ ಕ್ಯಾಥೊಲಿಕ್ ಯೂನಿವರ್ಸಿಟಿ. ಅಲ್ಲಿ ಗೇ ವಿದ್ಯಾರ್ಥಿಗಳ ಗುಂಪುಗಳು ಅಧಿಕೃತ ಮಾನ್ಯತೆ ಕೇಳಿದ್ವು, ಕಾಲೇಜು ಕೊಡಲ್ಲ ಅಂತು, 1980ರಲ್ಲಿ ಕೋರ್ಟಿಗೆ ಹೋದ್ರು. ತಮಾಷೆ ಏನಂದ್ರೆ ಕಾಲೇಜು ಅವರನ್ನ ಪೂರ್ತಿ ಹೊರಗಿಟ್ಟಿರಲಿಲ್ಲ, ಸ್ಟೂಡೆಂಟ್ ಬಾಡಿ ಒಪ್ಪಿಕೊಂಡ ಗುಂಪು ಅನ್ನೋ ಕೆಳಗಿನ ದರ್ಜೆ ಕೊಟ್ಟಿತ್ತು, ಅದರಲ್ಲಿ ಕ್ಯಾಂಪಸ್‌ನಲ್ಲಿ ಸೇರೋಕೆ ಅವಕಾಶ ಇತ್ತು. ಕೊಡದೆ ಇದ್ದಿದ್ದು ಮೇಲಿನ ದರ್ಜೆ, ಅಂದ್ರೆ ಯೂನಿವರ್ಸಿಟಿಯದ್ದೇ ಮಾನ್ಯತೆ. ಅದರ ಜೊತೆ ಬರೋ ಸವಲತ್ತು ಯಾವುದು ಅಂತ ನೋಡಿದ್ರೆ ನಗು ಬರುತ್ತೆ, ಒಂದು ಅಂಚೆ ಪೆಟ್ಟಿಗೆ, ಕಂಪ್ಯೂಟರಲ್ಲಿ ವಿಳಾಸದ ಲೇಬಲ್ ಪ್ರಿಂಟ್ ಮಾಡಿಸ್ಕೊಳ್ಳೋ ಸೌಲಭ್ಯ, ಅಂಚೆ ಸೇವೆ, ಮತ್ತೆ ಫಂಡಿಗೆ ಅರ್ಜಿ ಹಾಕೋ ಹಕ್ಕು. ಫಂಡ್ ಸಿಗುತ್ತೆ ಅಂತಲ್ಲ, ಅರ್ಜಿ ಹಾಕೋ ಹಕ್ಕು ಅಷ್ಟೇ. ಇಷ್ಟಕ್ಕೆ ಏಳು ವರ್ಷ ಕೋರ್ಟು.

1987ರಲ್ಲಿ ಡಿಸಿ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ಈ ವಿಷಯದಲ್ಲಿ ನಾನು ಓದಿರೋದ್ರಲ್ಲೇ ಜಾಣತನದ್ದು. ಡಿಸಿಯ ಮಾನವ ಹಕ್ಕು ಕಾಯ್ದೆ ಪ್ರಕಾರ ಅಂಚೆ ಪೆಟ್ಟಿಗೆ, ಲೇಬಲ್ಲು, ಸೌಲಭ್ಯ ಎಲ್ಲ ಬೇರೆ ಕ್ಲಬ್‌ಗಳಿಗೆ ಕೊಟ್ಟಂಗೆ ಇವರಿಗೂ ಕೊಡ್ಬೇಕು, ಆದ್ರೆ "ನಾವು ನಿಮ್ಮನ್ನ ಮಾನ್ಯ ಮಾಡಿದೀವಿ" ಅಂತ ಕಾಲೇಜಿನ ಬಾಯಲ್ಲಿ ಹೇಳಿಸೋಕಾಗಲ್ಲ, ಒಪ್ಪಿಗೆ ಅನ್ನೋದು ಮನಸ್ಸಿಂದ ಬರಬೇಕು, ಕಾನೂನಿಂದ ಹೊರಡಿಸೋಕೆ ಬರಲ್ಲ ಅನ್ನೋ ಅರ್ಥದಲ್ಲಿ. ರೂಮು ಬೇರೆ, ಆಶೀರ್ವಾದ ಬೇರೆ. ಆಮೇಲೆ ರಾಜಕೀಯ ಶುರುವಾಯ್ತು, ಅಮೆರಿಕ ಕಾಂಗ್ರೆಸ್ 1989ರಲ್ಲಿ ಡಿಸಿ ಕಾನೂನಿಗೆ ಧಾರ್ಮಿಕ ವಿದ್ಯಾಸಂಸ್ಥೆಗಳಿಗೆ ವಿನಾಯಿತಿ ತುರುಕಿತು, 2015ರಲ್ಲಿ ಡಿಸಿಯವರು ಅದನ್ನ ತೆಗೆದುಹಾಕಿದ್ರು. ಅಷ್ಟರಲ್ಲಿ ಜಾರ್ಜ್‌ಟೌನೇ ಬದಲಾಗಿತ್ತು, 2008ರಲ್ಲಿ ಎಲ್‌ಜಿಬಿಟಿ ವಿದ್ಯಾರ್ಥಿಗಳಿಗೆ ಅಂತಾನೇ ಸಿಬ್ಬಂದಿ ಇರೋ ಒಂದು ಸೆಂಟರ್ ತೆಗೀತು, ಕ್ಯಾಥೊಲಿಕ್ ಯೂನಿವರ್ಸಿಟಿಗಳಲ್ಲಿ ಆ ಥರದ್ದು ಅದೇ ಮೊದಲು.

ಗರ್ಭಪಾತದ ವಿಷಯಕ್ಕೆ ಬಂದ್ರೆ ಅದೇ ಜಾರ್ಜ್‌ಟೌನು ಬೇರೆ ಮುಖ ತೋರಿಸುತ್ತೆ. 1991ರಲ್ಲಿ ಒಂದು ಪ್ರೊ-ಚಾಯ್ಸ್, ಅಂದ್ರೆ ಗರ್ಭಪಾತದ ಹಕ್ಕಿನ ಪರ ಇರೋ, ಗುಂಪಿಗೆ ಮಾನ್ಯತೆ ಕೊಟ್ಟು, ಹಳೇ ವಿದ್ಯಾರ್ಥಿಗಳು ಚರ್ಚ್ ಕಾನೂನಿನಡಿ ದೂರು ಕೊಡೋ ಮಟ್ಟಕ್ಕೆ ಹೋದ್ಮೇಲೆ 1992ರಲ್ಲಿ ವಾಪಸ್ ತಗೊಳ್ತು. ಈಗ ಇರೋದು ಹೋಯಾಸ್ ಫಾರ್ ಚಾಯ್ಸ್ ಅನ್ನೋ ಗುಂಪು, ಮಾನ್ಯತೆ ಇಲ್ಲ, ಕಾಲೇಜಿನ ದುಡ್ಡಿಲ್ಲ, ಹೋಯಾಸ್ ಅನ್ನೋದು ಜಾರ್ಜ್‌ಟೌನಿನವರ ಅಡ್ಡಹೆಸರಾದ್ರಿಂದ ಅದರ ಸ್ಪೆಲಿಂಗ್ ಮಧ್ಯೆ ಒಂದು ನಕ್ಷತ್ರ ಚಿಹ್ನೆ ಹಾಕಿ ಬರೀತಾರೆ. ಆದ್ರೂ ಕ್ಯಾಂಪಸ್‌ನ ರೆಡ್ ಸ್ಕ್ವೇರ್ ಅನ್ನೋ ಜಾಗದಲ್ಲಿ ಟೇಬಲ್ ಹಾಕ್ಕೊಂಡು ಚರ್ಚ್ ಒಪ್ಪದ ಕಾಂಡೋಮ್ ಹಂಚ್ತಾರೆ. 2014ರಲ್ಲಿ ಮುಖ್ಯ ಗೇಟಿನ ಹತ್ರ ನಿಂತಾಗ ಕ್ಯಾಂಪಸ್ ಪೊಲೀಸರು ಎಬ್ಬಿಸಿ ಕಳಿಸಿದ್ದು ದೊಡ್ಡ ಗಲಾಟೆ ಆಗಿತ್ತು. ಬಾಸ್ಟನ್ ಕಾಲೇಜ್ ಅನ್ನೋ ಇನ್ನೊಂದು ಜೆಸ್ಯುಟ್ ಯೂನಿವರ್ಸಿಟಿಯಲ್ಲೂ 2013ರಲ್ಲಿ ಹಾಸ್ಟೆಲ್ ರೂಮಲ್ಲಿ ಕಾಂಡೋಮ್ ಇಟ್ಟು ಹಂಚ್ತಿದ್ದ ವಿದ್ಯಾರ್ಥಿಗಳಿಗೆ ನಿಲ್ಲಿಸಿ ಅಂತ ಎಚ್ಚರಿಕೆ ಪತ್ರ ಹೋಗಿತ್ತು.

ಯಾಕೆ ಈ ತಾರತಮ್ಯ, ಎಲ್‌ಜಿಬಿಟಿ ಕ್ಲಬ್ ಆದ್ರೆ ನಡೆಯುತ್ತೆ, ಪ್ರೊ-ಚಾಯ್ಸ್ ಆದ್ರೆ ನಡೆಯಲ್ಲ? ಉತ್ತರ ಚರ್ಚಿನ ಧರ್ಮೋಪದೇಶದ ಪುಸ್ತಕದಲ್ಲೇ ಇದೆ. ಸಲಿಂಗ ಸಂಬಂಧ ತಪ್ಪು ಅನ್ನೋದು 2357ನೇ ಪ್ಯಾರಾ, ಅದರ ಮುಂದಿನ ಪ್ಯಾರಾದಲ್ಲೇ ಆ ಪ್ರವೃತ್ತಿ ಇರೋರನ್ನ ಗೌರವ, ಕರುಣೆ, ಸೂಕ್ಷ್ಮತೆಯಿಂದ ಕಾಣ್ಬೇಕು, ಅನ್ಯಾಯದ ತಾರತಮ್ಯ ಮಾಡ್ಬಾರ್ದು ಅಂತಿದೆ. ಕಾಲೇಜುಗಳು ಹಿಡ್ಕೊಳ್ಳೋದು ಆ ಎರಡನೇ ಪ್ಯಾರಾನ, ಇದು ಮನುಷ್ಯರಿಗೆ ಆಸರೆ ಕೊಡೋ ಗುಂಪು, ಕೃತ್ಯದ ಪರ ಪ್ರಚಾರ ಮಾಡೋದಲ್ಲ ಅಂತ. ನೋಟರ್ ಡೇಮ್ 1995ರಲ್ಲಿ ಇಂಥ ಗುಂಪನ್ನ ಕ್ಯಾಂಪಸ್‌ನಲ್ಲಿ ಸೇರೋಕೇ ಬಿಟ್ಟಿರಲಿಲ್ಲ, 2012ರಲ್ಲಿ ಇದೇ ವಾದದ ಮೇಲೆ ಒಂದು ಪಾಸ್ಟೋರಲ್ ಪ್ಲ್ಯಾನ್, ಅಂದ್ರೆ ಆಸರೆ, ಆಧ್ಯಾತ್ಮಿಕ ಆರೈಕೆಯ ಯೋಜನೆ ಮಾಡಿ ಅಧಿಕೃತ ಸಂಘಕ್ಕೆ ದಾರಿ ಮಾಡಿಕೊಡ್ತು. ಗರ್ಭಪಾತದ ಹಕ್ಕು ಕೇಳೋ ಗುಂಪಿನ ವಿಷಯದಲ್ಲಿ ಹಾಗೆ ಹಿಡ್ಕೊಳ್ಳೋಕೆ ಯಾವ ಪ್ಯಾರಾನೂ ಇಲ್ಲ, ಗುಂಪಿನ ಉದ್ದೇಶನೇ ಆ ಹಕ್ಕು. ಈ ಗೆರೆ ಕಾಗದದ ಮೇಲೆ ಚೆನ್ನಾಗಿದೆ, ಆದ್ರೆ ಎಲ್‌ಜಿಬಿಟಿ ಸಂಘದವರು ಮದುವೆ ಹಕ್ಕಿನ ಪರ ಒಂದು ಭಾಷಣ ಇಟ್ರೆ ಅದು ಆಸರೆನಾ ಪ್ರಚಾರನಾ, ಅಲ್ಲಿ ಪ್ರತಿ ಸಲ ಡೀನ್ ಆಫೀಸಿನವರು ತಲೆ ಕೆರ್ಕೊಳ್ತಾರೆ.

ಸಂಘದ ಉದ್ದೇಶ ಬೇರೆನೇ ಇದ್ದು ಒಂದು ನಿಲುವು ಮಾತ್ರ ಹೊಂದಿಕೆ ಆಗದೇ ಇದ್ರೆ? ವಾಷಿಂಗ್ಟನ್‌ನಲ್ಲೇ ಇರೋ ಕ್ಯಾಥೊಲಿಕ್ ಯೂನಿವರ್ಸಿಟಿ ಆಫ್ ಅಮೆರಿಕ, ಇದು ಬಿಷಪ್‌ಗಳೇ ಕಟ್ಟಿದ್ದು, 2004ರಲ್ಲಿ ಕಪ್ಪು ಜನರ ಹಕ್ಕಿನ ಹಳೇ ಸಂಘಟನೆ ಎನ್‌ಎಎಸಿಪಿಯ ವಿದ್ಯಾರ್ಥಿ ಘಟಕಕ್ಕೆ ಮೊದಲು ಬೇಡ ಅಂದಿತ್ತು, ಆ ಸಂಘಟನೆ ಗರ್ಭಪಾತದ ಹಕ್ಕಿನ ಪರ ನಿಂತಿದ್ದೂ ಒಂದು ಕಾರಣ. ಟೀಕೆ ಜೋರಾಗಿ ಬಂದ್ಮೇಲೆ ಒಪ್ಕೊಳ್ತು. ಒಂದು ನಿಲುವಿಗೋಸ್ಕರ ಇಡೀ ಸಂಘನ ಹೊರಗಿಟ್ರೆ ಕೊನೆಗೆ ಯಾವ ಸಂಘನೂ ಉಳಿಯಲ್ಲ ಅನ್ನೋದು ಅವರಿಗೂ ಗೊತ್ತಾಗಿರಬೇಕು.

ಅತಿಥಿಗಳನ್ನ ಕರೆಯೋದು ಇನ್ನೊಂದು ರಾಮಾಯಣ, ಅದನ್ನ ಇಲ್ಲಿ ಪೂರ್ತಿ ಬಿಚ್ಚಲ್ಲ. 2004ರಲ್ಲಿ ಬಿಷಪ್‌ಗಳು ಮೂಲಭೂತ ನೈತಿಕ ತತ್ವಗಳ ವಿರುದ್ಧ ನಡೆಯೋರಿಗೆ ಕ್ಯಾಥೊಲಿಕ್ ಸಂಸ್ಥೆಗಳು ಗೌರವ, ಪ್ರಶಸ್ತಿ ಕೊಡಬಾರದು, ಬೆಂಬಲ ಇದೆ ಅನ್ನಿಸೋ ಥರ ವೇದಿಕೆನೂ ಕೊಡಬಾರದು ಅಂದಿದ್ರು. 2009ರಲ್ಲಿ ನೋಟರ್ ಡೇಮ್, ಗರ್ಭಪಾತದ ಹಕ್ಕಿನ ಪರ ಇದ್ದ ಆಗಿನ ಅಧ್ಯಕ್ಷ ಒಬಾಮಾಗೆ ಗೌರವ ಡಾಕ್ಟರೇಟ್ ಕೊಟ್ಟಾಗ ಅಲ್ಲಿನ ಬಿಷಪ್ ಜಾನ್ ಡಾರ್ಸಿ ಸಮಾರಂಭಕ್ಕೇ ಹೋಗಲಿಲ್ಲ. ಜಾರ್ಜ್‌ಟೌನಲ್ಲಿ 2016ರಲ್ಲಿ ಪ್ಲಾನ್ಡ್ ಪೇರೆಂಟ್‌ಹುಡ್ ಅಧ್ಯಕ್ಷೆ ಸೆಸಿಲ್ ರಿಚರ್ಡ್ಸ್‌ನ ವಿದ್ಯಾರ್ಥಿಗಳ ಉಪನ್ಯಾಸ ಸಮಿತಿ ಕರೆಸಿದಾಗಲೂ ಟೀಕೆ ಬಂತು, ಆದ್ರೆ ಅಲ್ಲಿ ಪದವಿ, ಹಾರ, ತುರಾಯಿ ಏನೂ ಇರಲಿಲ್ಲ, ಮಾತು ಮಾತ್ರ. ನನ್ನ ಲೆಕ್ಕದಲ್ಲಿ ಒಬಾಮಾ ವಿಷಯದಲ್ಲಿ ಬಿಷಪ್‌ಗೆ ಸಿಟ್ಟಾಗೋಕೆ ಕಾರಣ ಇತ್ತು, ರಿಚರ್ಡ್ಸ್ ವಿಷಯದಲ್ಲಿ ಅಷ್ಟಿರಲಿಲ್ಲ.

ಒಂದು ವಿಷಯ ತುಂಬಾ ಜನ ತಪ್ಪು ತಿಳ್ಕೊಂಡಿದ್ದಾರೆ. ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯ ಇದ್ಯಲ್ಲ, ಕಾಲೇಜು ಹೇಗೆ ತಡೆಯುತ್ತೆ ಅಂತಾರೆ. ಅವರ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕೋದು ಸರ್ಕಾರನ, ಖಾಸಗಿ ಸಂಸ್ಥೆನ ಅಲ್ಲ. ಸರ್ಕಾರಿ ಕಾಲೇಜು ಒಂದು ಗುಂಪಿನ ವಿಚಾರ ಇಷ್ಟ ಇಲ್ಲ ಅಂತ ಮಾನ್ಯತೆ ನಿರಾಕರಿಸೋ ಹಾಗಿಲ್ಲ ಅಂತ 1972ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಕ್ಯಾಥೊಲಿಕ್ ಕಾಲೇಜಿಗೆ ಅದು ಅನ್ವಯ ಆಗಲ್ಲ. ಜಾರ್ಜ್‌ಟೌನ್ ಸಿಕ್ಕಿಹಾಕ್ಕೊಂಡಿದ್ದು ಸಂವಿಧಾನದಿಂದಲ್ಲ, ಆ ನಗರದ ತಾರತಮ್ಯ ವಿರೋಧಿ ಕಾಯ್ದೆಯಿಂದ. ನ್ಯೂಯಾರ್ಕ್‌ನಲ್ಲಿ ಯಹೂದಿಗಳ ಯೆಶಿವಾ ಯೂನಿವರ್ಸಿಟಿನೂ ಇಂಥದ್ದೇ ನಗರ ಕಾಯ್ದೆಯಡಿ ಎಲ್‌ಜಿಬಿಟಿ ಕ್ಲಬ್ ಕೇಸಲ್ಲಿ ವರ್ಷಗಟ್ಲೆ ಓಡಾಡಿ 2025ರಲ್ಲಿ ರಾಜಿ ಮಾಡ್ಕೊಳ್ತು. ಅಂದ್ರೆ ಕಾಲೇಜು ಯಾವ ಊರಲ್ಲಿದೆ ಅನ್ನೋದರ ಮೇಲೂ ತುಂಬಾ ನಿಂತಿದೆ.

ಇನ್ನು ಉಲ್ಟಾ ಕಥೆನೂ ಇದೆ. 2017ರಲ್ಲಿ ಜಾರ್ಜ್‌ಟೌನಲ್ಲೇ ಲವ್ ಸಾಕ್ಸಾ ಅನ್ನೋ ಕ್ಲಬ್, ಮದುವೆ ಅಂದ್ರೆ ಒಬ್ಬ ಗಂಡು ಒಬ್ಬಳು ಹೆಣ್ಣಿನ ನಡುವೆ ಮಾತ್ರ ಅನ್ನೋರು, ಅಂದ್ರೆ ಅಕ್ಷರಶಃ ಚರ್ಚ್ ಹೇಳೋದನ್ನೇ ಹೇಳೋರು, ಅವರು ದ್ವೇಷ ಹರಡ್ತಾರೆ, ಫಂಡ್ ನಿಲ್ಸಿ ಅಂತ ಬೇರೆ ವಿದ್ಯಾರ್ಥಿಗಳು ಅರ್ಜಿ ಕೊಟ್ರು. ವಿದ್ಯಾರ್ಥಿ ಚಟುವಟಿಕೆ ಸಮಿತಿ ವೋಟಿಗೆ ಹಾಕಿತು, ಕ್ಲಬ್ ಉಳೀತು. ಜೆಸ್ಯುಟ್ ಕ್ಯಾಂಪಸ್‌ನಲ್ಲಿ ಚರ್ಚಿನ ನಿಲುವು ಹೇಳೋ ಗುಂಪು ತನ್ನ ಪರ ವಾದ ಮಾಡ್ಕೊಂಡು ಉಳಿಬೇಕಾಗಿ ಬಂದಿದ್ದು ನೋಡಿ ಎರಡೂ ಕಡೆಯವ್ರು ಸ್ವಲ್ಪ ಯೋಚ್ನೆ ಮಾಡಿರ್ತಾರೆ ಅಂದ್ಕೊಳ್ತೀನಿ.

ನಿಮ್ಮ ಪ್ರಶ್ನೆಗೇ ಬರ್ತೀನಿ, ಹಾಗಾದ್ರೆ ಯಾರು ಸರಿ? ನಂಗೆ ಅನ್ಸೋದು, ರೂಮು ಎಲ್ರಿಗೂ ಕೊಟ್ಟು ಹೆಸರು ಯಾರಿಗೆ ಕೊಡ್ಬೇಕು ಅನ್ನೋದನ್ನ ಕಾಲೇಜೇ ಇಟ್ಕೊಳ್ಳೋದು ಒಪ್ಪೋ ಮಾತು, ಕಾಲೇಜಿಗೂ ಒಂದು ನಂಬಿಕೆ ಇರೋ ಹಕ್ಕಿದೆ. ಆದ್ರೆ ಅಡ್ಮಿಷನ್ ಟೈಮಲ್ಲಿ ನಾವು ಎಲ್ರಿಗೂ ಓಪನ್ ಅಂತ ಬಣ್ಣದ ಬ್ರೋಷರ್ ಕೊಟ್ಟು, ಸೇರಿದ ಮೇಲೆ ನಿಮ್ಮ ಕ್ಲಬ್ ಆಗಲ್ಲ ಅನ್ನೋದು ಸರಿಯಲ್ಲ, ಹಂಗೇ ದೇಣಿಗೆ ಕೇಳೋವಾಗ ಹಳೇ ವಿದ್ಯಾರ್ಥಿಗಳ ಮುಂದೆ ಕ್ಯಾಥೊಲಿಕ್ ಪರಂಪರೆ ಅಂತ ಭಾಷಣ ಮಾಡಿ ಕ್ಯಾಂಪಸ್‌ನಲ್ಲಿ ಏನು ನಡೀತಿದೆ ಅಂತ ಹೇಳದೇ ಇರೋದೂ ಸರಿಯಲ್ಲ. ಯಾರಾದ್ರೂ ಇಂಥ ಕಾಲೇಜಿಗೆ ಅಪ್ಲೈ ಮಾಡೋ ಮುಂಚೆ ಅವರ ಸ್ಟೂಡೆಂಟ್ ಹ್ಯಾಂಡ್‌ಬುಕ್‌ನಲ್ಲಿ ಕ್ಲಬ್ ಮಾನ್ಯತೆಯ ನಿಯಮ ಇರೋ ಪುಟ ತೆಗೆದು ಓದ್ಲಿ, ಮಾನ್ಯತೆ ಇಲ್ಲದ ಗುಂಪು ಕ್ಯಾಂಪಸ್‌ನಲ್ಲಿ ಏನೇನು ಮಾಡಬಹುದು ಅಂತ ಅಲ್ಲಿ ಬರೆದಿದ್ಯಾ ಇಲ್ವಾ ನೋಡ್ಲಿ. ಬರೆದಿಲ್ಲ ಅಂದ್ರೆ ಅಡ್ಮಿಷನ್ ಆಫೀಸಿಗೆ ಮೇಲ್ ಮಾಡಿ ಸೀದಾ ಕೇಳ್ಬಹುದು, ಉತ್ತರ ಕೊಡೋದು ಅವರ ಕೆಲಸ.